ದೊರೆಯ ಕಬಡ್ಡಿ ಕಾನೂನು

ಕೆಂಗುಡ್ಡದ ದೊರೆ ಹಿರೇಮಲ್ಲ ನಾಯಕ ಕಬಡ್ಡಿಯಲ್ಲಿ ಒಮ್ಮೆಯೂ ಸೋತವನಲ್ಲ. ಸೋಲುವುದಾದರೂ ಹೇಗೆ? ಆಟದಲ್ಲಿ ದೊರೆಯ ಮೈ ಮುಟ್ಟಿದವನ ಕೈ ಕತ್ತರಿಸಬೇಕು ಅಂತ ಅವನೇ ಕಾನೂನು ಮಾಡಿದ್ದ.

ದೊರೆ ತೊಡೆ ತಟ್ಟಿ, ‘ಕಬಡ್ಡಿ ಕಬಡ್ಡಿ’ ಅನ್ನುತ್ತ ಗೆರೆ ದಾಟಿದರೆ ಸಾಕು, ಎದುರಿನವರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದರು. ಇವನು ಒಬ್ಬೊಬ್ಬರನ್ನೇ ಮುಟ್ಟಿ ಆಟದಿಂದ ಹೊರಗೆ ಹಾಕಿ, ನಿಧಾನವಾಗಿ ವಾಪಸ್ಸು ಬರುತ್ತಿದ್ದ. ಗೆದ್ದಾಗಲೆಲ್ಲ ಒಂದು ಹೊಸ ಬಿರುದು. ಹೊಗಳುಭಟ ಆ ಬಿರುದುಗಳನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಮುದಿ ಮಂತ್ರಿಗಳು ಒಂದು ನಿದ್ದೆ ತೆಗೆದು ಏಳುತ್ತಿದ್ದರು. ದೊರೆಗೆ ಮಾತ್ರ ಆ ಸುಖ ಇರಲಿಲ್ಲ. ಬಿರುದು ಮುಗಿಯುವ ತನಕ ಮೀಸೆಯ ಮೇಲೆ ಕೈಯಿಟ್ಟು ಕದಲದೆ ನಿಲ್ಲಬೇಕು. ಅದು ಅವನ ತಾತನ ಕಾಲದಿಂದ ಬಂದ ಅರಮನೆಯ ಪದ್ಧತಿ.

ಒಂದು ದಿನ ದೊರೆ ತುಂಬಿದ ಸಭೆಯಲ್ಲಿ ಸಾರಿದ.

“ನನ್ನ ಆಟಕ್ಕೆ ಈ ಅಂಗಳ ಸಾಲದು. ಬಿಲ್ಲಹಳ್ಳಿಯ ಗೋಮಾಳಕ್ಕೆ ಗೋಡೆ ಹಾಕಿಸಿ ದೊಡ್ಡ ಕಬಡ್ಡಿ ಕಣ ಮಾಡಿಸುತ್ತೇನೆ.”

ಸುದ್ದಿ ಕೇಳಿ ಬಿಲ್ಲಹಳ್ಳಿಯ ದುಗ್ಗವ್ವ ಸೆರಗು ಬಿಗಿದು ಆಸ್ಥಾನಕ್ಕೇ ಬಂದಳು. ಊರ ದನ ಕಾಯುವವಳು ಅವಳೇ.

“ಬುದ್ಧೀ, ಇರೋದೊಂದು ಹುಲ್ಲುಗಾವಲು. ಅದೂ ಹೋದರೆ ನಮ್ಮೂರ ದನ ಏನು ತಿನ್ನಬೇಕು? ನಿಮ್ಮ ಗೋಡೆ ನೆಕ್ಕಬೇಕಾ?”

“ನಾನು ಅನ್ಯಾಯ ಮಾಡುವ ದೊರೆಯಲ್ಲ,” ಅಂದ ನಾಯಕ. “ನಿಮ್ಮೂರಿನ ಏಳು ಜನ ಒಂದು ಕಡೆ, ನಾನೊಬ್ಬನೇ ಒಂದು ಕಡೆ. ಒಂದೇ ಉಸಿರಿನಲ್ಲಿ ಏಳೂ ಜನರನ್ನು ಮುಟ್ಟಿ ಬರುತ್ತೇನೆ. ನಾನು ಸೋತರೆ ಗೋಮಾಳ ನಿಮ್ಮದು. ಗೆದ್ದರೆ ದನ ಮಾರಿಕೊಳ್ಳಿ.”

“ನಿಮ್ಮನ್ನ ಹಿಡಿದರೆ ಕೈ ಹೋಗುತ್ತಲ್ಲ ಬುದ್ಧೀ?”

“ಅದು ಕಾನೂನು. ಆಟವೇ ಬೇರೆ, ಕಾನೂನೇ ಬೇರೆ.”

ಸಭೆ ಭೇಷ್ ಅಂದಿತು. ಅನ್ನದೆ ಏನು ಮಾಡೀತು, ಎಲ್ಲರಿಗೂ ಮನೆಯಲ್ಲಿ ಹೆಂಡತಿ ಮಕ್ಕಳಿದ್ದರು.

ದೊರೆ ಬಾಯಲ್ಲಿ ಹೇಳಿದ್ದನ್ನು ಕಾನೂನಾಗಿ ಬರೆಯುವ ಓಬಳಯ್ಯ ಮೂಲೆಯಲ್ಲಿ ಕೂತಿದ್ದ. ಅವನು ಎದ್ದು ಕೈಮುಗಿದ.

“ದೊರೆಗಳಿಗೆ ಒಂದು ಕೊರತೆ ಇದೆ.”

“ನನಗೆ? ಕೊರತೆ?”

“ತಮ್ಮ ಬಿರುದು ಮೊಳಗುವುದು ಈ ನಾಲ್ಕು ಗೋಡೆಯ ಒಳಗೆ ಮಾತ್ರ. ಹಳ್ಳಿಗೆ ಹೋದರೆ ಜನ ಸುಮ್ಮನೆ ಕೈಮುಗಿದು ಹಲ್ಲು ಕಿರಿಯುತ್ತಾರೆ. ಅಷ್ಟೊಂದು ಬಿರುದು ಗಳಿಸಿ ಏನು ಬಂತು?”

ದೊರೆಯ ಮುಖ ಸಪ್ಪಗಾಯಿತು. “ಹೌದಲ್ಲಯ್ಯ! ಏನು ಮಾಡೋಣ?”

“ಒಂದು ಕಾನೂನು ಮಾಡಿದರಾಯಿತು. ದೊರೆ ಪ್ರಜೆಗಳ ಬಳಿ ಬಂದಾಗ ಅವರು ಪೂರ್ತಿ ಬಿರುದು ಹೇಳಬೇಕು. ಮುಗಿಯುವ ತನಕ ದೊರೆ ನಿಂತು ಸ್ವೀಕರಿಸಬೇಕು.”

“ಅಲ್ಲೂ ನಾನು ನಿಲ್ಲಬೇಕೇ?”

“ದೊರೆ ನಡೆದುಬಿಟ್ಟರೆ ಆ ಬಿರುದು ಯಾರಿಗೆ ಅಂಟಬೇಕು, ಬೇಲಿಗೇ?”

“ಅದೂ ಸರಿ. ನಡುವೆ ಕದಲಿದರೆ?”

“ಇದ್ದಬದ್ದ ಬಿರುದೆಲ್ಲ ರದ್ದು. ಇಲ್ಲದಿದ್ದರೆ ಕಾನೂನಿಗೆ ಏನು ಬೆಲೆ?”

“ಬರಿ! ಊರಾಗಲಿ, ಕೇರಿಯಾಗಲಿ, ಬಯಲಾಗಲಿ, ಎಲ್ಲಿದ್ದರೂ ಸರಿ ಅಂತ ದಪ್ಪ ಅಕ್ಷರದಲ್ಲಿ ಬರಿ!”

ಓಬಳಯ್ಯ ದಪ್ಪ ಅಕ್ಷರದಲ್ಲೇ ಬರೆದ. ಆಮೇಲೆ ಹೊರಬಾಗಿಲಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ ದುಗ್ಗವ್ವನ ಬಳಿ ಹೋದ.

“ಅಳಬೇಡವ್ವ. ಹೊಗಳುಭಟನ ಹತ್ತಿರ ಕೂತು ದೊರೆಯ ಬಿರುದನ್ನೆಲ್ಲ ಬಾಯಿಪಾಠ ಮಾಡಿಕೋ. ಒಂದನ್ನೂ ಬಿಡಬೇಡ.”

“ನನ್ನ ಹೊಟ್ಟೆ ಉರೀತಿರುವಾಗ ಅವನನ್ನ ಬೇರೆ ಹೊಗಳಬೇಕಾ?”

“ಹೊಗಳು ತಾಯಿ. ನಿಧಾನವಾಗಿ ಹೊಗಳು.”

ಆಟದ ದಿನ ಗೋಮಾಳದ ತುಂಬ ಜನ. ಏಳು ಹುಡುಗರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು. ಅವರ ಹಿಂದೆ ದುಗ್ಗವ್ವ. ದೊರೆ ತೊಡೆ ತಟ್ಟಿ, ಎದೆ ತುಂಬ ಉಸಿರು ಎಳೆದುಕೊಂಡು ಗೆರೆ ದಾಟಿದ.

“ಕಬಡ್ಡಿ ಕಬಡ್ಡಿ ಕಬಡ್ಡಿ…”

“ರಾಜಾಧಿರಾಜ!” ಅಂತ ದುಗ್ಗವ್ವ ಕೂಗಿದಳು. ಗುಡ್ಡದಾಚೆಯ ದನ ಕರೆಯುವ ಗಂಟಲು ಅದು.

ಮುಂದಿಟ್ಟ ಕಾಲು ಅಲ್ಲೇ ನಿಂತಿತು. ದೊರೆ ಓಬಳಯ್ಯನನ್ನು ನೋಡಿದ. ಓಬಳಯ್ಯ ಭಕ್ತಿಯಿಂದ ಕೈಮುಗಿದ. ವಿಧಿಯಿಲ್ಲದೆ ದೊರೆ ಮೀಸೆಯ ಮೇಲೆ ಕೈಯಿಟ್ಟು, ನಿಂತಲ್ಲೇ “ಕಬಡ್ಡಿ ಕಬಡ್ಡಿ” ಅನ್ನತೊಡಗಿದ.

“ಕೆಂಗುಡ್ಡದ ಸಿಂಹಾಸನಾಧೀಶ್ವರ! ತೊಡೆತಟ್ಟು ಭಯಂಕರ! ಏಕಾಂಗವೀರ! ಮುಟ್ಟಬಾರದ ಮಲ್ಲ!”

“ಕಬಡ್ಡಿ… ಕಬಡ್ಡಿ…”

ದುಗ್ಗವ್ವ ಎಲೆಅಡಿಕೆ ಬಾಯಿಗೆ ಹಾಕಿಕೊಂಡು, ಒಂದಷ್ಟು ಅಗಿದು ಮುಂದುವರಿಸಿದಳು.

“ಗೆರೆದಾಟು ಗಂಡಭೇರುಂಡ! ಧೂಳೆಬ್ಬಿಸುವ ಧೀರ!”

ದೊರೆಯ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. “ಕಬ್… ಡಿ… ಕಬ್…”

“ಅಖಂಡ ಉಸಿರಿನ ಸಾರ್ವಭೌಮ!”

ಅಲ್ಲಿಗೆ ಉಸಿರು ಕಡಿಯಿತು. ಕಬಡ್ಡಿಯಲ್ಲಿ ಎದುರಿನವರ ಕಡೆ ಉಸಿರು ಕಡಿದರೆ ಸೋತಂತೆ. ಅದು ಹಾಲು ಕುಡಿಯುವ ಕೂಸಿಗೂ ಗೊತ್ತು. ಆದರೂ ದೊರೆ ಸೋತ ಅನ್ನುವ ಧೈರ್ಯ ಯಾರಿಗಿದೆ? ಜನರೆಲ್ಲ ಆಕಾಶ ನೋಡಿದರು.

“ಓಬಳಯ್ಯ!” ದೊರೆ ಏದುಸಿರು ಬಿಡುತ್ತ ಗುಡುಗಿದ. “ನನ್ನನ್ನು ಮುಟ್ಟಿದವರು ಯಾರು?”

“ಯಾರೂ ಮುಟ್ಟಿಲ್ಲ, ದೊರೆ.”

“ಹಾಗಾದರೆ ನನ್ನನ್ನು ಸೋಲಿಸಿದವನು ಯಾವನಯ್ಯ?”

“ಕಾನೂನು ಮಾಡಿದವರು. ಹಿಡಿದು ತರಲೇ?”

ದೊರೆ ಹಲ್ಲು ಕಡಿದು, ಅವನ ಮೇಲೆ ಎರಗಲು ಕಾಲೆತ್ತಿದ.

“ಅಯ್ಯೋ, ಕದಲಬೇಡಿ ಬುದ್ಧೀ!” ಅಂದಳು ದುಗ್ಗವ್ವ. “ಎಲ್ಲ ರದ್ದಾಗುತ್ತೆ. ಇನ್ನೂ ಅರ್ಧಕ್ಕಿಂತ ಹೆಚ್ಚು ಬಾಕಿ ಇದೆ.”

ಎತ್ತಿದ ಕಾಲು ಎತ್ತಿದಂತೆಯೇ ದೊರೆ ನಿಂತ. ನೆತ್ತಿಯ ಮೇಲೆ ಬಿಸಿಲು, ಮೀಸೆಯ ಮೇಲೆ ಕೈ, ಎದುರಿಗೆ ಎಲೆಅಡಿಕೆ ಉಗಿದು ಗಂಟಲು ಸರಿಮಾಡಿಕೊಳ್ಳುತ್ತಿರುವ ದುಗ್ಗವ್ವ. ತನ್ನ ಅವಸ್ಥೆಗೆ ಅವನಿಗೇ ನಗು ತಡೆಯಲಾಗಲಿಲ್ಲ.

“ಸಾಕು ಮಾಡೇ ತಾಯಿ!” ಅಂತ ಎರಡೂ ಕೈ ಮುಗಿದ. “ಗೋಮಾಳ ನಿನ್ನದು. ಉಳಿದ ಬಿರುದನ್ನೂ ನೀನೇ ಇಟ್ಟುಕೋ. ನನ್ನನ್ನು ಮನೆಗೆ ಬಿಡು!”