ದುಂಡಪ್ಪನೂ ಸೋರುವ ಮನೆಗಾಡಿಯೂ

ಹೇಳಿದ ಮಾತು ಕೇಳದ ಮಕ್ಕಳು ಊರಿಗೊಂದಿಷ್ಟು ಇರುತ್ತಾರೆ. ಹೇಳಿದ್ದನ್ನು ಹೇಳಿದಷ್ಟೇ ಕೇಳುವ ಮಗ ಮಾತ್ರ ಕುಂದಗೋಳದ ಬಾಳವ್ವನಿಗೆ ಒಬ್ಬನೇ ಇದ್ದ. ಹೆಸರು ದುಂಡಪ್ಪ. ಆಳು ಎತ್ತರ, ಮೀಸೆ ದಟ್ಟ, ಬುದ್ಧಿ ಮಾತ್ರ ಎಳೆ ಸೌತೆಕಾಯಿ. ಒಣಹಾಕಿದ ಕಾಳಿನ ಮೇಲೆ ಒಂದು ಕಣ್ಣಿಟ್ಟಿರು ಅಂದರೆ ಇನ್ನೊಂದು ಕಣ್ಣು ಮುಚ್ಚಿಕೊಂಡು ಕೂರುವವ.

ಗಾಡಿ ಓಡಿಸುವುದರಲ್ಲಿ ಮಾತ್ರ ಅವನ ಸರಿಸಮ ಯಾರೂ ಇಲ್ಲ. ಕಲಿಸಿದವರು ಹೇಳಿದ ಒಂದು ಮಾತನ್ನೂ ಅವನು ಮೀರುತ್ತಿರಲಿಲ್ಲ. ಕೆಂಪು ದೀಪ ಕಂಡರೆ ನಿಲ್ಲಬೇಕು ಅಂದಿದ್ದರು. ಒಮ್ಮೆ ಮದುವೆಮನೆಯ ಚಪ್ಪರದಲ್ಲಿ ಕೆಂಪು ದೀಪ ಕಂಡು ಟ್ರ್ಯಾಕ್ಟರ್ ನಿಲ್ಲಿಸಿದವ, ಉಂಡವರೆಲ್ಲ ಮನೆಗೆ ಹೋಗಿ ದೀಪ ಆರುವ ತನಕ ಅಲ್ಲಿಂದ ಕದಲಲಿಲ್ಲ.

ಬಾಳವ್ವ ಕೌದಿ ಹೊಲಿಯುವಾಕೆ. ಹಳೆ ಸೀರೆ, ಹಳೆ ಧೋತರ ಕೊಟ್ಟರೆ ಅದನ್ನೇ ಪದರ ಪದರ ಜೋಡಿಸಿ, ಮೈಗೆ ಹೊದ್ದರೆ ತಾಯಿ ತಬ್ಬಿದಂತಿರುವ ಕೌದಿ ಮಾಡಿಕೊಡುತ್ತಿದ್ದಳು. ಕೆಲಸ ಕೊಟ್ಟ ಊರಿಗೆ ಹೋಗಬೇಕು, ಕೊಟ್ಟವರ ಪಡಸಾಲೆಯಲ್ಲೇ ಮಲಗಬೇಕು. ಬೀಗರು ಬಂದರು ಅಂದರೆ ಗಂಟು ಎತ್ತಿಕೊಂಡು ಕೊಟ್ಟಿಗೆಗೆ ಹೋಗಬೇಕು. ವಯಸ್ಸಾದಂತೆ ಅದು ಅವಳಿಗೆ ಬೇಸರ ತಂದಿತು. ತವರಿನ ಪಾಲಾಗಿ ಬಂದ ತುಂಡು ಹೊಲ ಮಾರಿ, ಹುಬ್ಬಳ್ಳಿಯ ಹೊರಗಿನ ಒಂದು ಅಂಗಡಿಯಲ್ಲಿ ಹೊಸ ಮನೆಗಾಡಿ ಕೊಂಡಳು. ಸಣ್ಣ ಲಾರಿಯ ಬೆನ್ನಿನ ಮೇಲೆ ಕಟ್ಟಿದ ಮನೆ. ಒಳಗೆ ಹಾಸಿಗೆ, ಒಲೆ, ಕೈತೊಳೆಯುವ ನಲ್ಲಿ ಎಲ್ಲ ಇತ್ತು. ಮಗ ಓಡಿಸುತ್ತಾನೆ, ತಾನು ಹೊಲಿಯುತ್ತಾಳೆ, ಇಬ್ಬರೂ ತಮ್ಮದೇ ಸೂರಿನ ಕೆಳಗೆ ಮಲಗುತ್ತಾರೆ. ತನ್ನ ಹಿಂದೆಯೂ ಈ ಮಗನಿಗೆ ಒಂದು ನೆಲೆ ಇರುತ್ತದೆ. ಅವಳ ಲೆಕ್ಕ ಇಷ್ಟೇ.

ಅಂಗಡಿಯ ಮ್ಯಾನೇಜರ್ ಯಾದವಾಡ ಅನ್ನುವವ. ಕೊಡುವಾಗ ಬಲು ನಯವಾಗಿ, ವರ್ಷದೊಳಗೆ ಏನೇ ಆದರೂ ನಮ್ಮ ಜವಾಬ್ದಾರಿ, ವಾರಂಟಿ ಇದೆ ಅಂದಿದ್ದ.

ಮೊದಲ ಮಳೆಗೇ ಮನೆಗಾಡಿಯ ಮಾಡು ಸೋರಿತು. ಸೋರಿದ್ದು ಸರಿಯಾಗಿ ಹಾಸಿಗೆಯ ಮೇಲೆ. ಹೊಲಿದಿಟ್ಟ ಕೌದಿಗಳು ತೊಯ್ದು ಮುದ್ದೆಯಾದವು.

ಬಾಳವ್ವ ತಾನೇ ಹೋಗಬಹುದಿತ್ತು. ಆದರೆ ನಾಲ್ಕು ಜನರ ಮುಂದೆ ನಿಂತು ಮಾತಾಡುವುದನ್ನು ಮಗ ಈಗಲೇ ಕಲಿಯಲಿ ಅನ್ನುವ ಆಸೆ ಅವಳಿಗೆ. "ಅಂಗಡಿಗೆ ಹೋಗಿ, ಗಾಡಿ ಸೋರತೈತಿ ಅಂತ ಹೇಳಿ ಬಾ" ಅಂದಳು.

ದುಂಡಪ್ಪ ಬಸ್ಸು ಹತ್ತಿ ಹೋದ. ಯಾದವಾಡನ ಮುಂದೆ ನಿಂತು, ಗಾಡಿ ಸೋರತೈತಿ ಅಂದ. ಯಾದವಾಡ ಬಾಯಿ ತೆರೆಯುವಷ್ಟರಲ್ಲಿ ಹೊರಳಿ ಬಸ್ಸು ಹತ್ತಿದ.

"ಅವರು ಏನಂದ್ರೋ?" ಅಂದಳು ಬಾಳವ್ವ.

"ಹೇಳಿ ಬಾ ಅಂದಿದ್ದಿ. ಹೇಳಿದ್ನಿ, ಬಂದ್ನಿ."

ಬಾಳವ್ವ ಹಣೆ ಚಚ್ಚಿಕೊಂಡಳು. ಬರೀ ಬಾಯಿಮಾತು ಯಾರು ನಂಬುತ್ತಾರೆ, ಸೋರಿದ್ದನ್ನು ಒಯ್ದು ಕಣ್ಣಿಗೆ ತೋರಿಸಬೇಕು ಅಂತ ಬೈದು ಬುದ್ಧಿ ಹೇಳಿದಳು. ಆಯಿತು ಯವ್ವಾ ಅಂದ ಮಗ.

ಮತ್ತೆ ಮಳೆ ಬಂತು. ದುಂಡಪ್ಪ ಹಾಸಿಗೆಯ ಮೇಲೆ ಕೊಡ ಇಟ್ಟು ಸೋರಿದ್ದನ್ನೆಲ್ಲ ಹಿಡಿದ. ಗಾಡಿಯನ್ನು ಅಲ್ಲೇ ಬಿಟ್ಟು, ಕೊಡ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋದ. ಒಂದು ಹನಿ ಚೆಲ್ಲಲಿಲ್ಲ. ಯಾದವಾಡನ ಮೇಜಿನ ಮೇಲೆ ಕೊಡ ಇಟ್ಟು, ಇದೇ ನೋಡ್ರಿ ಸೋರಿದ್ದು ಅಂದ.

ಯಾದವಾಡ ಕೊಡವನ್ನೂ ಅವನನ್ನೂ ನೋಡಿದ. ಇದು ನಮ್ಮ ಗಾಡಿಯ ನೀರೇ ಅನ್ನುವುದಕ್ಕೆ ಏನು ಆಧಾರ, ಬಾವಿಯದೂ ಇರಬಹುದು ಅಂದ. ಆಮೇಲೆ ತಮಾಷೆಗೆ, "ಹೆಂಗ ಸೋರತದಪ್ಪ, ಸ್ವಲ್ಪ ತೋರಿಸು" ಅಂದ.

ದುಂಡಪ್ಪ ಕೊಡ ಎತ್ತಿ, ಬಗ್ಗಿಸಿ, ಯಾದವಾಡನ ನೆತ್ತಿಯ ಮೇಲೆ ಹನಿ ಹನಿಯಾಗಿ ತೋರಿಸಿದ.

ಕಾವಲುಗಾರ ಅವನ ರಟ್ಟೆ ಹಿಡಿದು ಹೊರಗೆ ದಬ್ಬಿದ. ಖಾಲಿ ಕೊಡ ಹಿಡಿದು ಬಂದ ಮಗನ ಬಾಯಿಂದ ಎಲ್ಲ ಕೇಳಿ ಬಾಳವ್ವನಿಗೆ ನಗು ಬಂತು, ಅದರ ಬೆನ್ನಿಗೇ ಅಳು ಬಂತು. ದೊಡ್ಡ ಮನುಷ್ಯರ ಮುಂದೆ ತಗ್ಗಿ ಬಗ್ಗಿ ನಡೆಯಬೇಕಪ್ಪ, ಅವರು ಏನಂದರೂ ಹೌದ್ರಿ ಹೌದ್ರಿ ಅನ್ನಬೇಕು ಅಂದಳು. ಈ ಸಲ ಗಾಡಿಯನ್ನೇ ಒಯ್ಯಿ ಅಂತಲೂ ಹೇಳಿದಳು.

ದುಂಡಪ್ಪ ಗಾಡಿ ಒಯ್ದ. ಯಾದವಾಡ ಸುತ್ತು ಹಾಕಿ ನೋಡಿದ. ಅವತ್ತು ಒಳ್ಳೆ ಬಿಸಿಲು. ಗಾಡಿಯನ್ನು ಬಯಲಿನಲ್ಲಿ ನಿಲ್ಲಿಸಿದ್ದಿರಾ ಅಂತ ಕೇಳಿದ. ಹೌದ್ರಿ. ಮಳೆ ಜೋರಿತ್ತಾ? ಹೌದ್ರಿ. ಮಾಡಿನ ಮೇಲೆ ಹತ್ತಿ ಕುಣಿದಿರಾ? ಹೌದ್ರಿ.

"ಅಂದ್ರ ತಪ್ಪು ನಿಮ್ಮದ ಆತಲ್ಲ?"

"ಹೌದ್ರಿ."

ಯಾದವಾಡ ಖುಷಿಯಿಂದ ಅವನಿಗೆ ಚಹಾ ಕುಡಿಸಿ ಕಳಿಸಿದ.

"ಕುಣಿದಿಯೇನೋ ಮಾಡಿನ ಮ್ಯಾಲೆ?" ಅಂದಳು ಬಾಳವ್ವ. ಇಲ್ಲ ಯವ್ವಾ, ಹೌದ್ರಿ ಅಂದೆ ಅಷ್ಟೇ ಅಂದ ಮಗ. ಅವಳು ಆ ದಿನ ಊಟ ಮಾಡಲಿಲ್ಲ. ಅವರು ಏನೇ ಕೇಳಲಿ, ಇನ್ನು ಮೇಲೆ ಇಲ್ಲ ಅನ್ನು, ಕತ್ತು ಹೋದರೂ ಹೌದು ಅನ್ನಬೇಡ ಅಂತ ತಾಕೀತು ಮಾಡಿದಳು.

ಅವಳ ಹಣೆಬರಹ ನೋಡಿ. ಆ ವಾರ ಅಂಗಡಿಗೆ ಗಾಡಿ ಕಟ್ಟುವ ಕಂಪನಿಯ ದೊಡ್ಡ ಸಾಹೇಬರು ಬಂದಿದ್ದರು. ಒಳ್ಳೆ ಮನುಷ್ಯ. ಮತ್ತೆ ಗಾಡಿ ತಂದು ಹೊರಗೆ ನಿಂತ ದುಂಡಪ್ಪನನ್ನು ಕಂಡು ತಾವೇ ಹತ್ತಿರ ಬಂದು, ಗಾಡಿಯಲ್ಲಿ ಏನಾದರೂ ತೊಂದರೆ ಇದೆಯಾ ಅಂತ ಕೇಳಿದರು. ಇಲ್ರಿ ಅಂದ ದುಂಡಪ್ಪ. ಸೋರುತ್ತದೆ ಅಂತ ಯಾರೋ ಅಂದರಲ್ಲ? ಇಲ್ರಿ. ಪುಕ್ಕಟೆ ರಿಪೇರಿ ಮಾಡಿಸಿಕೊಡಲಾ? ಇಲ್ರಿ. ಸಾಹೇಬರು ಅವನ ಬೆನ್ನು ತಟ್ಟಿ, ಇಂಥ ಗಿರಾಕಿ ಸಿಗುವುದು ಪುಣ್ಯ ಅಂದು ಕಾರು ಹತ್ತಿದರು.

ಈ ಸಲ ಬಾಳವ್ವ ಬೈಯಲಿಲ್ಲ. ತೊಯ್ದು ಕಂದಿದ ಕೌದಿಯೊಂದನ್ನು ಮಡಿಲಲ್ಲಿಟ್ಟುಕೊಂಡು ಹೊಲಿಗೆ ಬಿಚ್ಚುತ್ತಾ ಕೂತಳು. ಹೌದು ಅನ್ನು ಅಂದವಳು ತಾನೇ, ಇಲ್ಲ ಅನ್ನು ಅಂದವಳೂ ತಾನೇ. ಮಗನ ಬಾಯಿಂದ ಬಂದದ್ದೆಲ್ಲ ತನ್ನ ಮಾತೇ. ಆಡುವಾಗ ತಾನು ಅರ್ಧ ಆಡಿ, ಉಳಿದರ್ಧ ಅವನೇ ತಿಳಿದುಕೊಳ್ಳಲಿ ಅಂತ ಬಿಡುತ್ತಾಳೆ. ಅವನಿಗೆ ಆ ಅರ್ಧ ಕಾಣುವುದಿಲ್ಲ. ಅಂಗಡಿಯವನದು ಬೇರೆ ರೀತಿ. ಏನೇ ಆದರೂ ನಮ್ಮ ಜವಾಬ್ದಾರಿ ಅಂದವನ 'ಏನೇ'ಯಲ್ಲಿ ಈಗ ಮಳೆಯೂ ಇಲ್ಲ, ಗಾಳಿಯೂ ಇಲ್ಲ. ಅದೇ ಮಾತನ್ನು ತನ್ನ ಮಗ ಕೊಟ್ಟಿದ್ದರೆ, ಮಳೆಯಲ್ಲಿ ಮಾಡಿನ ಮೇಲೆ ತಾನೇ ಅಂಗಾತ ಮಲಗಿ ಸೋರದಂತೆ ನೋಡಿಕೊಳ್ಳುತ್ತಿದ್ದ. ಇಬ್ಬರಲ್ಲಿ ಪೆದ್ದ ಯಾರು ಅಂತ ಊರು ಹೇಳುತ್ತದೆ. ಅವಳಿಗೆ ಮಾತ್ರ ಅವತ್ತು ಅಷ್ಟು ಸುಲಭವಾಗಿ ಹೇಳಲಾಗಲಿಲ್ಲ.

ಬೆಳಿಗ್ಗೆ ಮಗನ ತಲೆ ಸವರಿ ಅಂದಳು, "ಇನ್ನ ನೀ ಏನೂ ಮಾತಾಡಬ್ಯಾಡ. ಗಾಡಿ ಒಯ್ದು ಅಂಗಡಿ ಬಾಗಿಲ ಮುಂದ ನಿಲ್ಲಿಸು. ಸೋರೂದು ನಿಲ್ಲೂ ತನಕ ಅಲ್ಲಿಂದ ಏಳಬ್ಯಾಡ."

ದುಂಡಪ್ಪ ಹಾಗೇ ಮಾಡಿದ. ಅಂಗಡಿಗೆ ಬರುವ ದಾರಿಯೇ ಮುಚ್ಚಿತು. ಯಾದವಾಡ ಗದರಿಸಿದ, ಬೇಡಿಕೊಂಡ. ದುಂಡಪ್ಪ ಸೀಟಿನಲ್ಲಿ ಕೂತವ ಕೂತೇ ಇದ್ದ. ಕೊನೆಗೆ ಕಾವಲುಗಾರ ಉಪಾಯ ಹೂಡಿ, ನಿಮ್ಮವ್ವ ಫೋನ್ ಮಾಡಿದ್ದಾಳೆ, ಈಗಲೇ ಬರಬೇಕಂತೆ ಅಂದ. ದುಂಡಪ್ಪ ಗಾಡಿ ತಿರುಗಿಸಿಕೊಂಡು ಮನೆಗೆ ಬಂದ.

ಬಾಳವ್ವನಿಗೆ ತಡೆಯಲಾಗಲಿಲ್ಲ. "ನಾ ಕರದೀನಂತ ಯಾರು ಅಂದರೂ ಏಳಬ್ಯಾಡ. ನಾನ ಖುದ್ದು ಬಂದು ಕರದರೂ ಏಳಬ್ಯಾಡ. ಹಿಡಿದ ಕೆಲಸ ಮುಗದ ಮ್ಯಾಲೆ ಏಳು."

ಈ ಮಾತನ್ನು ದುಂಡಪ್ಪ ಗಂಟು ಹಾಕಿ ಇಟ್ಟುಕೊಂಡ. ಮತ್ತೆ ಹೋಗಿ ನಿಂತ. ಈಗ ಯಾವ ಉಪಾಯವೂ ನಡೆಯಲಿಲ್ಲ. ಅಲ್ಲೇ ಉಂಡ, ಅಲ್ಲೇ ಮಲಗಿದ. ಅದು ಮನೆಯೇ ಅಲ್ಲವೇ, ಅವನಿಗೇನು ಕಷ್ಟ? ಒಂದು ಮಧ್ಯಾಹ್ನ ಗದಗಿನ ಕಡೆಯ ಗಂಡ ಹೆಂಡತಿ ಇಂಥದೇ ಗಾಡಿ ಕೊಳ್ಳಲು ಬಂದರು. ದಪ್ಪ ಹನಿ ಬೀಳತೊಡಗಿ, ಹತ್ತಿರದಲ್ಲೇ ತೆರೆದಿದ್ದ ದುಂಡಪ್ಪನ ಗಾಡಿಯೊಳಗೆ ಬಂದು ಹಾಸಿಗೆಯ ಮೇಲೆ ಕೂತರು. ಹೇಗಿದೆಯಪ್ಪ ಗಾಡಿ ಅಂತ ಕೇಳಿದರು. ಮಾತಾಡಬೇಡ ಅಂದಿದ್ದಳಲ್ಲ ಅವ್ವ, ದುಂಡಪ್ಪ ಸುಮ್ಮನಿದ್ದ. ಉತ್ತರ ಮೇಲಿನಿಂದ ಬಂತು, ಆ ಹೆಂಗಸಿನ ಬೈತಲೆಯ ಮೇಲೆ. ಇಬ್ಬರೂ ಎದ್ದು, ಯಾದವಾಡನ ಕಡೆ ಒಮ್ಮೆ ನೋಡಿ, ಬಂದ ದಾರಿ ಹಿಡಿದರು.

ಮಾರನೆಯ ದಿನವೇ ಕೆಲಸದವರು ಮಾಡು ಹತ್ತಿದರು. ಹಳೆಯ ತಗಡು ಕಿತ್ತು ಹೊಸ ತಗಡು ಹಾಕಿ, ಸಂದುಗಳಿಗೆ ಅಂಟು ಮೆತ್ತಿ, ಪೈಪು ಹಿಡಿದು ನೀರು ಬಿಟ್ಟು ನೋಡಿದರು. ಸುದ್ದಿ ಕೇಳಿ ಬಾಳವ್ವ ಬಸ್ಸಿನಲ್ಲಿ ಬಂದಳು. ಯಾದವಾಡ ಅವಳಿಗೆ ಕೈಮುಗಿದು, ಅಮ್ಮಾರೆ, ಮೊದಲೇ ನೀವೇ ಬರಬಹುದಿತ್ತಲ್ಲ ಅಂದ. ಮೊದಲೇ ನೀವೇ ಮಾಡಿಕೊಡಬಹುದಿತ್ತಲ್ರಿ ಅಂದಳು ಬಾಳವ್ವ.

ತಾಯಿ ಮಗ ಊರ ದಾರಿ ಹಿಡಿದರು. ಅರ್ಧ ದಾರಿಯಲ್ಲಿ, ಒಂದು ಬೇವಿನ ಮರದ ಕೆಳಗೆ ಬಾಳವ್ವ ಗಾಡಿ ನಿಲ್ಲಿಸಲು ಹೇಳಿದಳು. ಸೋರುವ ಮನೆಗೆ ಹಾಲು ಉಕ್ಕಿಸುವ ಮನಸ್ಸಾಗಿರಲಿಲ್ಲ ಅವಳಿಗೆ, ಈಗ ಆಗಿತ್ತು. ಹಾಲಿನ ಪಾತ್ರೆ ಒಲೆಯ ಮೇಲಿಟ್ಟು ನೋಡಿದರೆ ಕಡ್ಡಿಪೆಟ್ಟಿಗೆ ಇಲ್ಲ. ತರುತ್ತೇನೆ, ಹಾಲು ಉಕ್ಕಿಸುವ ಕೆಲಸ ನಿನ್ನದು, ಅಗಳಿ ಹಾಕಿಕೊಂಡು ಒಲೆಯ ಮುಂದೆ ಕೂಡು ಅಂತ ಮಗನಿಗೆ ಹೇಳಿ, ಎದುರಿನ ಅಂಗಡಿಗೆ ಹೋದಳು.

ಬರುವಷ್ಟರಲ್ಲಿ ಮಳೆ ಸುರಿಯತೊಡಗಿತು. ಬಾಗಿಲು ಬಡಿದಳು. ತೆಗೆಯಲಿಲ್ಲ.

"ದುಂಡಪ್ಪಾ, ನಾನೋ, ಬಾಗಿಲ ತಗಿ."

"ಕೆಲಸ ಮುಗದಿಲ್ಲ ಯವ್ವಾ. ನೀ ಖುದ್ದು ಬಂದು ಕರದರೂ ಏಳಬ್ಯಾಡ ಅಂದೀಯಲ್ಲ."

"ಕಡ್ಡಿಪೆಟ್ಟಿಗಿ ನನ್ನ ಕೈಯಾಗ ಐತೋ."

"ಇರಲಿ ಯವ್ವಾ. ಹಾಲು ಉಕ್ಕಿದ ಕೂಡಲೇ ತಗೀತೀನಿ."

ಬಾಳವ್ವ ಬಾಯಿ ತೆರೆದಳು. ಯಾವ ಮಾತು ಆಡಿದರೆ ಈ ಬಾಗಿಲು ತೆರೆದೀತು ಅಂತ ಬಹಳ ಹೊತ್ತು ಯೋಚಿಸಿದಳು. ಸೀರೆಯಿಂದ ನೀರು ಇಳಿಯುತ್ತಿತ್ತು. ಕಡ್ಡಿಪೆಟ್ಟಿಗೆ ಮುಷ್ಟಿಯಲ್ಲೇ ಮೆತ್ತಗಾಯಿತು. ಕೊನೆಗೆ ಮೆಟ್ಟಿಲ ಮೇಲೆ ಕೂತು, ಬಾಗಿಲಿಗೆ ಬೆನ್ನು ಕೊಟ್ಟು ಕೇಳಿದಳು.

"ಒಳಗ ಸೋರತೈತೇನೋ, ಮಗನ?"

"ಒಂದು ಹನಿನೂ ಇಲ್ಲ ಯವ್ವಾ. ಬೆಚ್ಚಗ ಐತಿ. ಬಂದು ನೋಡು."