ಹಳದಿ ಗುರುತು

ಹೆದ್ದಾರಿ ಬದಿಗೆ ಒಂದು ಊರು, ಊರಲ್ಲೊಬ್ಬಳು ಮಾರಕ್ಕ, ಮಾರಕ್ಕನಿಗೊಬ್ಬ ಮಗ ತಿಪ್ಪೇಶ. ಮೀಸೆ ದಪ್ಪ, ರಟ್ಟೆ ದಪ್ಪ, ಬುದ್ಧಿ ಮಾತ್ರ ತೆಳ್ಳಗೆ. ಬಾಗಿಲು ನೋಡಿಕೋ ಅಂದರೆ ಬಾಗಿಲನ್ನೇ ನೋಡುತ್ತಾ ಕೂರುವವನು. ಹಿತ್ತಲಿಂದ ಕಳ್ಳ ಬಂದರೂ ತಿರುಗಿ ನೋಡುವವನಲ್ಲ.

"ನಾನು ಕಣ್ಣು ಮುಚ್ಚಿದ ಮೇಲೆ ನಿನ್ನ ಗತಿ ಏನೋ!" ಅಂತ ಮಾರಕ್ಕ ಹಣೆ ಚಚ್ಚಿಕೊಂಡಳು. ಮಗನ ಕೈ ಹಿಡಿದು ಮಕ್ಬೂಲ್ ಮೇಸ್ತ್ರಿಯ ಗ್ಯಾರೇಜಿಗೆ ಎಳೆದುಕೊಂಡು ಹೋದಳು. "ಮೇಸ್ತ್ರಿ ಹೇಳಿದ್ದನ್ನ ಹೇಳಿದ ಹಾಗೇ ಮಾಡು. ಸ್ವಂತ ಬುದ್ಧಿ ಓಡಿಸಬೇಡ."

"ಇಲ್ಲ ಕಣವ್ವ, ಓಡಿಸಲ್ಲ" ಅಂದ ತಿಪ್ಪೇಶ.

ಮೇಸ್ತ್ರಿ ರಿಪೇರಿಗೆ ಬಂದ ಕಾರಿನ ಇಂಜಿನ್ ಚಾಲೂ ಮಾಡಿ, ಅವನ ಕೈಗೊಂದು ಉದ್ದನೆ ಸ್ಕ್ರೂಡ್ರೈವರ್ ಕೊಟ್ಟ. "ತುದಿ ಇಂಜಿನ್ ಮೇಲಿಡು, ಹಿಡಿ ಕಿವಿಗಿಡು. ಟಕಟಕ ಅಂತ ಬಡಿದರೆ ನನ್ನ ಕೂಗು" ಅಂದು ಚಹಾ ಕುಡಿಯಲು ಹೋದ.

ತಿಪ್ಪೇಶ ಕಿವಿಗೊಟ್ಟು ಕೂತ. ಇಂಜಿನ್ ಕಾಯಿತು, ನೀರು ಕುದಿಯಿತು, ಹಬೆ ಎದ್ದು ಗ್ಯಾರೇಜೇ ಕಾಣದಂತಾಯಿತು. ತಿಪ್ಪೇಶ ಕದಲಲಿಲ್ಲ.

ಮೇಸ್ತ್ರಿ ಗ್ಲಾಸು ಬಿಸಾಕಿ ಓಡಿಬಂದ. "ಕೂಗಬಾರದೇನೋ, ಗೂಬೆ!"

"ಟಕಟಕ ಅಂದ್ರೆ ಕೂಗು ಅಂದ್ರಿ. ಇದು ಬುಸ್ ಅಂತು."

"ಟಕ ಅನ್ಲಿ ಬುಸ್ ಅನ್ಲಿ, ಸದ್ದು ಕೇಳಿದ ಕೂಡಲೇ ಕೀ ತಿರುಗಿಸಿ ಬಂದ್ ಮಾಡು! ಸದ್ದು ಅಂದ್ರೆ ಕಾಯಿಲೆ. ಸದ್ದು ನಿಂತರೆ ವಾಸಿ. ತಲೆಗೆ ಹೋಯ್ತಾ?"

"ಹೋಯ್ತು ಮೇಸ್ತ್ರಿ. ಸದ್ದು ಅಂದ್ರೆ ಕಾಯಿಲೆ. ಸದ್ದು ನಿಂತರೆ ವಾಸಿ."

ಮಾರನೇ ದಿನ ರಿಪೇರಿಯಾದ ಕಾರನ್ನು ಓಡಿಸಿ ನೋಡಲು ಇಬ್ಬರೂ ಹೊರಟರು. ಇಳಿಜಾರಿನಲ್ಲಿ ಹಿಂದಿನ ಲಾರಿ ಹಾರನ್ ಹೊಡೆಯಿತು. ಸದ್ದು! ತಿಪ್ಪೇಶ ಕೈ ಚಾಚಿದ, ಕೀ ತಿರುಗಿಸಿದ. ಸ್ಟೇರಿಂಗ್ ಸೆಟೆದುಕೊಂಡಿತು, ಕಾರು ಹೋಗಿ ಬೇವಿನ ಮರಕ್ಕೆ ಗುದ್ದಿತು. ಮೇಸ್ತ್ರಿಯ ಹುಬ್ಬು ಸೀಳಿ ರಕ್ತ ಬಂತು.

"ಓಡೋ ಗಾಡಿ ಮುಟ್ಟಬೇಡವೋ! ನಿಂತ ಗಾಡೀಲೂ ಯಾವುದನ್ನೂ ತಿರುಗಿಸಬೇಡ! ನಾನು ತೋರಿಸಿದಷ್ಟೇ ಮುಟ್ಟು!"

"ಆಗಲಿ ಮೇಸ್ತ್ರಿ. ತಿರುಗಿಸಲ್ಲ."

ಅಷ್ಟರಲ್ಲಿ ಮಾರಕ್ಕ ಹಾಸಿಗೆ ಹಿಡಿದಳು. "ಎದೆಯೊಳಗೆ ಟಕಟಕ ಬಡೀತದೆ ಕಣೋ" ಅಂದಳು.

"ಅದು ಕಾಯಿಲೆ ಕಣವ್ವ" ಅಂದ ತಿಪ್ಪೇಶ. ಮೇಸ್ತ್ರಿ ಕಲಿಸಿದ್ದು ಅವನಿಗೆ ಚೆನ್ನಾಗಿ ನೆನಪಿತ್ತು.

ತಡಮಾಡದೆ ದೊಡ್ಡಾಸ್ಪತ್ರೆಗೆ ಒಯ್ಯಿರಿ ಅಂದರು ಊರಿನ ಡಾಕ್ಟರು. ಬೋರಯ್ಯನ ಟ್ಯಾಕ್ಸಿ ಒಂದೇ ಗತಿ. ಆ ಟ್ಯಾಕ್ಸಿಯೋ, ಏರು ಬಂದರೆ ಎಳೆಯದು, ಜಗ್ಗಿ ಜಗ್ಗಿ ನಿಲ್ಲುವುದು. ಪ್ಲಗ್ ಅಂದರು ಒಬ್ಬರು, ಫಿಲ್ಟರ್ ಅಂದರು ಇನ್ನೊಬ್ಬರು. ಮೇಸ್ತ್ರಿ ಮುಚ್ಚಳ ಬಿಚ್ಚಿ ನೋಡಿದ.

"ಟೈಮಿಂಗ್ ಬೆಲ್ಟು ಹಲ್ಲು ಜಾರಿದೆ ಬೋರಣ್ಣ. ಇಂಜಿನ್ ಉಸಿರಾಡೋ ಹೊತ್ತೇ ತಪ್ಪಿದೆ."

ಹಳೇ ಬೆಲ್ಟು ಕಳಚಿಟ್ಟು, ಹೊಸದು ತರಲು ಹೊರಡುತ್ತಾ ತಿಪ್ಪೇಶನಿಗೆ ಹೇಳಿದ: "ಬೆಲ್ಟು ಕೂರೋ ಮೇಲಿನ ಚಕ್ರದಲ್ಲೊಂದು ಗುರುತು, ಅದರ ಎದುರಿಗೆ ಇಂಜಿನ್ ಮೈಮೇಲೊಂದು ಗುರುತು. ಎರಡೂ ಎದುರುಬದುರು ಇರಬೇಕು, ತಪ್ಪಿದರೆ ಇಂಜಿನ್ ಒಳಗೊಳಗೇ ಬಡಿದು ಒಡೆಯುತ್ತೆ. ಎಣ್ಣೆ ಒರೆಸಿ ಹಳದಿ ಬಣ್ಣ ಹಚ್ಚಿಡು. ನಿಮ್ಮವ್ವನ ಜೀವ ಇದರಲ್ಲೇ ಇದೆ, ಹುಷಾರು!"

ತಿಪ್ಪೇಶ ಒರೆಸಿದ. ಇಂಜಿನ್ ಮೈಮೇಲಿನ ಗುರುತು ಇಲ್ಲಿ, ಚಕ್ರದ ಗುರುತು ಅಲ್ಲಿ, ಎದುರುಬದುರು ಇಲ್ಲ! ಚಕ್ರ ತಿರುಗಿಸೋಣ ಅಂತ ಕೈ ಎತ್ತಿದ. ತಿರುಗಿಸಬೇಡ ಅಂದಿದ್ದಾರಲ್ಲ! ಕೈ ಇಳಿಸಿದ. ಎದುರುಬದುರು ಇರಬೇಕು, ತಿರುಗಿಸಬಾರದು. ಅವ್ವನ ಜೀವದ ಪ್ರಶ್ನೆ. ಬೆವರೊರೆಸಿಕೊಂಡು ಯೋಚಿಸಿದ. ಆಮೇಲೆ ಇಂಜಿನ್ ಮೇಲಿನ ಗುರುತಿಗೆ ಹಳದಿ ಬಳಿದ. ಅದರ ಎದುರಿಗೇ, ಚಕ್ರದ ಮೇಲೆ ಹೊಸದೊಂದು ಹಳದಿ ಗೆರೆ ಎಳೆದ. ಚಕ್ರದ ಹಳೇ ಗುರುತನ್ನು ಗ್ರೀಸ್ ಮೆತ್ತಿ ಮುಚ್ಚಿದ.

ಮೇಸ್ತ್ರಿ ಬಂದ. ಹುಬ್ಬಿನ ಪಟ್ಟಿ ಕಣ್ಣಿಗೆ ಇಳಿದಿತ್ತು. ಒಂದೇ ಕಣ್ಣಲ್ಲಿ ಬಗ್ಗಿ ನೋಡಿದ: ಹಳದಿಗೆ ಹಳದಿ.

"ಶಾಭಾಷ್ ತಿಪ್ಪಾ!"

ಹುಟ್ಟಿದಾಗಿನಿಂದ ತಿಪ್ಪೇಶನಿಗೆ ಯಾರೂ ಶಾಭಾಷ್ ಅಂದಿರಲಿಲ್ಲ. ಓಡಿಹೋಗಿ ಅವ್ವನಿಗೆ ಹೇಳಿದ. ನರಳುತ್ತಿದ್ದ ಮಾರಕ್ಕ ನಕ್ಕಳು.

"ಇನ್ನು ನಿನಗೆ ಅನ್ನ ಹುಟ್ಟುತ್ತೆ ಬಿಡಪ್ಪ."

ಬೆಲ್ಟು ಕೂತಿತು, ಇಂಜಿನ್ ಕೆಮ್ಮುತ್ತಾ ಎದ್ದಿತು. ಗುರುತು ಸರಿಯೇ ಎಂದು ಇಂಜಿನನ್ನು ಮೊದಲೇ ಕೈಯಲ್ಲಿ ತಿರುಗಿಸಿ ನೋಡುವಷ್ಟು ವ್ಯವಧಾನ ಯಾರಿಗೂ ಇರಲಿಲ್ಲ. ಬೋರಯ್ಯ ಓಡಿಸಿದ, ಮೇಸ್ತ್ರಿ ಪಕ್ಕಕ್ಕೆ ಕೂತ. ಹಿಂದಿನ ಸೀಟಿನಲ್ಲಿ ಮಗನ ತೊಡೆ ಮೇಲೆ ತಲೆಯಿಟ್ಟು ಮಾರಕ್ಕ ಮಲಗಿದಳು.

ಹತ್ತಿರವೆಂದು ಹೆದ್ದಾರಿ ಬಿಟ್ಟು ಹಿಡಿದ ಗುಡ್ಡದ ಏರಿನಲ್ಲಿ ಇಂಜಿನ್ ಒಳಗೆ ಕಬ್ಬಿಣಕ್ಕೆ ಕಬ್ಬಿಣ ಬಡಿಯಿತು. ಟ್ಯಾಕ್ಸಿ ನಿಂತಿತು. ಸುತ್ತ ಕುರುಚಲು ಕಾಡು, ಉರಿ ಬಿಸಿಲು, ಒಂದು ಗಾಡಿ ಇಲ್ಲ.

ಮೇಸ್ತ್ರಿ ಮುಚ್ಚಳ ಬಿಚ್ಚಿದ. ಚಕ್ರದ ಗ್ರೀಸನ್ನು ಬೆರಳಲ್ಲಿ ಒರೆಸಿದ. ಹಳೇ ಗುರುತು ಕಂಡಿತು.

"ಈ ಹಳದಿ ಗೆರೆ ಎಲ್ಲಿಂದ ಬಂತೋ?"

"ನಾನೇ ಎಳೆದೆ ಮೇಸ್ತ್ರಿ. ಎದುರುಬದುರು ಇರಬೇಕು ಅಂದ್ರಿ. ತಿರುಗಿಸಬೇಡ ಅಂದ್ರಿ."

ಮೇಸ್ತ್ರಿ ರಸ್ತೆಯ ಮೇಲೇ ಕುಸಿದು ಕೂತ. ಬೋರಯ್ಯ ಯಾವುದಾದರೂ ಗಾಡಿ ಸಿಕ್ಕೀತೆಂದು ಹೆದ್ದಾರಿ ಕಡೆ ಓಡಿದ. ತಿಪ್ಪೇಶ ಬೈಗುಳಕ್ಕೆ ಕಾದ.

"ಬೈಯ್ರಿ ಮೇಸ್ತ್ರಿ. ಮುಂದೇನು ಮಾಡಲಿ, ಹೇಳ್ರಿ."

"ಹೋಗು... ನಿಮ್ಮವ್ವನ್ನ ನೋಡು ಹೋಗು."

ತಿಪ್ಪೇಶ ಹೋದ. ಅವ್ವ ನರಳುತ್ತಿರಲಿಲ್ಲ. ಬಾಯಿ ತುಸು ತೆರೆದಿತ್ತು. ತಿಪ್ಪೇಶ ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಮೇಸ್ತ್ರಿಯ ಸ್ಕ್ರೂಡ್ರೈವರ್ ತೆಗೆದ. ಚುಚ್ಚೀತೆಂದು ಸೆರಗನ್ನು ಮಡಚಿ ಎದೆಗೆ ಹೊದಿಸಿ, ಅದರ ಮೇಲೆ ಮೆಲ್ಲಗೆ ತುದಿ ಇಟ್ಟ, ಹಿಡಿ ಕಿವಿಗಿಟ್ಟ. ಬಹಳ ಹೊತ್ತು ಕೇಳಿದ. ಅವನ ಮುಖ ಅರಳಿತು.

"ಮೇಸ್ತ್ರಿ! ಬರ್ರಿ, ಬರ್ರಿ! ಟಕಟಕ ನಿಂತೋಯ್ತು! ಅವ್ವ ವಾಸಿಯಾದ್ಲು!"