ಕೊಕ್ಕರೆಯ ರಾಜೀನಾಮೆ

ಕೊಕ್ಕರೆ ತನ್ನ ಹಿಂಡು ಬಿಟ್ಟು ಮೊದಲು ಹೊರಟದ್ದು ಅಮಾವಾಸ್ಯೆಯ ದಿನ. ಆ ದಿನ ಹೊರಟವರ ಕಾಲು ಒಂದೆಡೆ ನಿಲ್ಲುವುದಿಲ್ಲವೆಂದು ತಾಯಿ ಗೊಣಗಿತ್ತು. ಊರೂರು ಅಲೆದು ಅದು ಕಡಲಿಗಿಂತ ತಗ್ಗಾದ ಹಾಲೆಂಡಿಗೆ ಬಂತು. ಅಲ್ಲಿ ಒಬ್ಬರನ್ನೊಬ್ಬರು ಸಹಿಸದ ಕಪ್ಪೆ, ಹಸು, ಹೆಗ್ಗಣ ಸೇರಿ ಸಮ್ಮಿಶ್ರ ಸರಕಾರ ಕಟ್ಟಿ, ಯಾರ ಕಡೆಯದೂ ಅಲ್ಲವೆಂದು ಕೊಕ್ಕರೆಯನ್ನೇ ಪ್ರಧಾನಿ ಮಾಡಿದವು.

ಕಪ್ಪೆಗೆ ಹೊಲದಲ್ಲಿ ನೀರು ನಿಲ್ಲಬೇಕು, ಹಸುವಿಗೆ ಬಸಿದು ಹೋಗಬೇಕು. ಅರ್ಧ ನಿಲ್ಲಿಸಿದರೆ ಇಬ್ಬರಿಗೂ ಸಿಟ್ಟು. ಊರಿನ ಕುರಿಗಳಂತೂ ದಿನವೂ ಬೈದವು. ಕೊನೆಗೆ ಹೆಗ್ಗಣ, "ಕಡಲು ತಡೆಯುವ ಕಟ್ಟೆಯಲ್ಲಿ ನನಗೊಂದು ಬಿಲ ಬೇಕು, ಇಲ್ಲವಾದರೆ ಬೆಂಬಲವಿಲ್ಲ" ಎಂದಿತು. ಕೊಕ್ಕರೆ ಒಪ್ಪಲಿಲ್ಲ, ಸರಕಾರ ಬಿತ್ತು, ಕೊಕ್ಕರೆ ರಾಜೀನಾಮೆ ಕೊಟ್ಟಿತು.

ಹೊಸಬರು ಬರುವತನಕ ಹಳಬರೇ ಕುರ್ಚಿ ಕಾಯಬೇಕು, ಆದರೆ ಏನನ್ನೂ ತೀರ್ಮಾನಿಸಬಾರದು ಎಂಬುದು ಅಲ್ಲಿನ ಪದ್ಧತಿ. ಕೊಕ್ಕರೆ ಒಂಟಿಕಾಲಲ್ಲಿ ಸುಮ್ಮನೆ ನಿಂತಿತು.

"ಯಾವ ತಂಟೆಗೂ ಹೋಗಲ್ಲ. ಇಂಥ ಪ್ರಧಾನಿ ಇನ್ನೆಲ್ಲಿ ಸಿಗಬೇಕು" ಎಂದು ಕುರಿಗಳು ಹೊಗಳತೊಡಗಿದವು.

ಕೇಳುವವರಿಲ್ಲದ್ದರಿಂದ ಹೆಗ್ಗಣ ಬಿಲ ತೋಡಿಯೇಬಿಟ್ಟಿತು. ಕಡಲು ಒಳಗೆ ಜಿನುಗಿತು.

"ಮುಚ್ಚೋಣವೇ?" ಕೊಕ್ಕರೆ ಕೇಳಿತು.

"ಈಗ್ಯಾಕೆ ಸ್ವಾಮಿ ಆ ಉಸಾಬರಿ? ಸುಮ್ಮನಿದ್ದು ಒಳ್ಳೆ ಹೆಸರು ತಗೊಂಡಿದ್ದೀರಿ" ಎಂದವು ಕುರಿಗಳು.

ಕೊಕ್ಕರೆ ನಿಟ್ಟುಸಿರಿಟ್ಟು, ತನ್ನ ಗೂಡನ್ನೇ ಕಿತ್ತು ಬಿಲಕ್ಕೆ ತುರುಕಿತು. ನೀರು ನಿಂತಿತು.

"ನಮ್ಮನ್ನ ಕೇಳದೆ ಮುಚ್ಚೋಕೆ ನೀನ್ಯಾರು?" ಹಿಂಡಿನ ಟಗರು ಗದರಿತು. "ನಿನ್ನೆಯವರೆಗೂ ದೇವರಂಥವನಾಗಿದ್ದೆಯಲ್ಲೋ."

"ಇರಲಿ ಬಿಡಪ್ಪ, ಮರಿಗಳನ್ನ ಒಣ ನೆಲದಲ್ಲಿ ಮಲಗಿಸು ಹೋಗು" ಎಂದ ಕೊಕ್ಕರೆ, ಗೂಡಿದ್ದ ಜಾಗದಲ್ಲಿ ಉಳಿದಿದ್ದ ನಾಲ್ಕು ಕಡ್ಡಿ ಆಯ್ದು ಗಂಟು ಕಟ್ಟತೊಡಗಿತು.